ಜಪ್ತಿ ಮಾಡು

ಜಪ್ತಿ ಮಾಡು (ಕ್ರಿಯಾಪದ): ಕಾನೂನಿನ ಅಧಿಕಾರದಿಂದ ಇನ್ನೊಬ್ಬರ ಸ್ವತ್ತನ್ನು ಹಿಡಿತಕ್ಕೆ ತೆಗೆದುಕೊಳ್ಳು. ಬಿಗಿಹಿಡಿತ ಎಂಬ ಅರ್ಥದ ಅರಬ್ಬಿ ‘ಜಬ್ತ್’ ಇದರ ಮೂಲ. ಬಕಾರ ಪಕಾರವಾದ ರೂಪ ಮರಾಠಿಯಲ್ಲೂ ಇದೆ. ಇದೇ ಮೂಲದ, ಅಕ್ಬರನ ಕಾಲದ ‘ಜಬ್ತಿ’ ಹೊಲ ಅಳೆದು ಕಂದಾಯ ನಿಗದಿ ಮಾಡುವ ಪದ್ಧತಿಯ ಹೆಸರು.

ಈ ಮಾತು ಕೇಳಿಬರುವ ಕಲಬುರಗಿ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಅವರ ಕಚೇರಿಯ ಭಾಷೆ ಉರ್ದು. ಆದರೂ ಈ ಪದವನ್ನು ಆ ಕಚೇರಿಗಳ ಕೊಡುಗೆ ಎಂದುಬಿಡುವುದು ಸರಿಯಲ್ಲ. ಹಳೇ ಮೈಸೂರು ಸೀಮೆಯಲ್ಲೂ ಅದೇ ಮಾತು ನಡೆಯುತ್ತದೆ.

ಬಳಕೆ

ಹಿಂದಿಯಲ್ಲಿ ಕೋರ್ಟಿನ ‘ಕುರ್ಕಿ’ ಬೇರೆ, ಪೊಲೀಸರ ‘ಜಬ್ತಿ’ ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ಮಾಡಿದವರು ಯಾರೆಂದು ನೋಡಿ ಅರ್ಥ ಹಿಡಿಯಬೇಕು. ಪೊಲೀಸರು ಬೈಕು ಜಪ್ತಿ ಮಾಡಿದರೆ ಅದು ಠಾಣೆಯ ಅಂಗಳ ಸೇರುತ್ತದೆ. ಸಿವಿಲ್ ಕೋರ್ಟು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಒಂದು ಮನೆಯನ್ನು ಜಪ್ತಿ ಮಾಡಿತೆನ್ನಿ: ಮನೆಯವರು ಅಲ್ಲೇ ಇರುತ್ತಾರೆ, ಒಲೆ ಉರಿಯುತ್ತಲೇ ಇರುತ್ತದೆ. ಮಾರುವ, ಅಡವಿಡುವ ಕೈ ಮಾತ್ರ ಕಟ್ಟಿದಂತೆ. ‘ಮನಿ ಜಪ್ತಿ ಆಗ್ಯಾದ’ ಎಂದು ಕೇಳಿದವರು ಬೀಗ ಬಿತ್ತೆಂದುಕೊಳ್ಳುವುದು ಈ ಗೊಂದಲದಿಂದಲೇ. ‘ಮುಟ್ಟುಗೋಲು ಹಾಕಿಕೊಳ್ಳು’ ಎಂಬುದನ್ನು ಸ್ವತ್ತು ಸರ್ಕಾರದ ಪಾಲಾಗುವ ಸಂದರ್ಭಕ್ಕೆ ಮೀಸಲಿಡುವುದು ಮೇಲು, ಪತ್ರಿಕೆಗಳು ಹಾಗೆ ಮಾಡುವುದು ಅಪರೂಪ.

ಕೋರ್ಟಿನ ಜಪ್ತಿ

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ ಪ್ರಕಾರ ಚರಾಸ್ತಿಯನ್ನು ಸಾಮಾನ್ಯವಾಗಿ ಕೈವಶ ಮಾಡಿಕೊಂಡೇ ಜಪ್ತಿ ಮಾಡಬೇಕು. ಸ್ಥಿರಾಸ್ತಿಗೆ 54ನೇ ನಿಯಮ: ಪರಭಾರೆ ನಿಷೇಧಿಸುವ ಆದೇಶ ಹೊರಡಿಸಿ, ಸ್ವತ್ತಿನ ಬಳಿ ಡಂಗುರ ಹೊಡೆಸಿ ಅಥವಾ ರೂಢಿಯ ಬೇರೆ ರೀತಿಯಲ್ಲಿ ಸಾರಿ, ಅದರ ಪ್ರತಿಯನ್ನು ಎದ್ದು ಕಾಣುವ ಕಡೆ ಅಂಟಿಸಬೇಕು. ಆಮೇಲೆ ಯಜಮಾನ ಯಾರಿಗೇ ಬರೆದುಕೊಟ್ಟರೂ ಆ ಜಪ್ತಿಯಡಿಯ ಹಕ್ಕುಗಳ ಮುಂದೆ ಅದು ನಿಲ್ಲದು (ಕಲಂ 64).

ಜಪ್ತಿಗೆ ಒಳಪಡದ ಸ್ವತ್ತುಗಳು ಕಲಂ 60ರಲ್ಲಿವೆ: ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ (ಎಂದರೆ ನಮ್ಮಲ್ಲಿ ತಾಳಿ), ಕಸುಬುದಾರನ ಸಲಕರಣೆ, ಬದುಕು ನಡೆಸಲು ಅಗತ್ಯವೆಂದು ಕೋರ್ಟು ಒಪ್ಪಿದಷ್ಟು ರೈತನ ಎತ್ತು ಮತ್ತು ಬಿತ್ತನೆ ಬೀಜ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲನ್ನು ಮುಟ್ಟುವಂತಿಲ್ಲ. 31,000 ರೂಪಾಯಿ ಸಂಬಳಕ್ಕೆ ಲೆಕ್ಕ ಹಾಕಿದರೆ ಜಪ್ತಿಗೆ ಸಿಗುವುದು 10,000. ಜೀವನಾಂಶದ ಡಿಕ್ರಿಗೆ ಲೆಕ್ಕ ಬೇರೆ.

ಜಪ್ತಿ ಜಾರಿ ಮಾಡಲು ಬರುವ ಕೋರ್ಟಿನ ಅಮೀನನಿಗೂ ಕಟ್ಟುಪಾಡುಗಳಿವೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ವಾಸದ ಮನೆಯೊಳಗೆ ಕಾಲಿಡುವಂತಿಲ್ಲ (ಕಲಂ 62).

ಪೊಲೀಸರ ಜಪ್ತಿ

2024ರ ಜುಲೈ 1ರಿಂದ ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 106ರಡಿ ನಡೆಯುತ್ತದೆ. ಅದಕ್ಕೆ ಮೊದಲು 1973ರ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 102 ಇತ್ತು.