ಹನಿಗೆ ಬಗ್ಗದ ಕಣ್ಣಿನ ಸೋಂಕು

1930ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ವೈದ್ಯ ಸೆಸಿಲ್ ಪೇನ್, ಬೂಷ್ಟು ಬೆಳೆಸಿ ಸೋಸಿದ ಕಚ್ಚಾ ಪೆನಿಸಿಲಿನ್ ದ್ರವವನ್ನು ಕೀವು ತುಂಬಿದ ಹಸುಗೂಸುಗಳ ಕಣ್ಣಿಗೆ ಬಳಸಿದರು. ಹೆಚ್ಚಿನವರ ಕಣ್ಣು ವಾಸಿಯಾಯಿತು. ಪೆನಿಸಿಲಿನ್‌ನಿಂದ ಗುಣವಾದುದಕ್ಕೆ ದಾಖಲೆಯಿರುವ ಮೊದಲ ಪ್ರಕರಣಗಳು ಇವೇ. ಪೇನ್ ಮಾತ್ರ ಇದನ್ನು ಎಲ್ಲೂ ಪ್ರಕಟಿಸಲಿಲ್ಲ!

ಇಂಥ ಕೀವಿಗೆ ಒಂದು ಕಾರಣ ಗೊನೊಕಾಕಸ್, ಹೆರಿಗೆಯ ವೇಳೆ ತಾಯಿಯಿಂದ ಮಗುವಿನ ಕಣ್ಣಿಗೆ ಅಂಟುವ ಬ್ಯಾಕ್ಟೀರಿಯಾ. 1880ರ ಸುಮಾರಿಗೆ ಲೈಪ್‌ಜಿಗ್‌ನ ಕಾರ್ಲ್ ಕ್ರೆಡೆ ಇದನ್ನು ತಡೆಯಲು ಸಿಲ್ವರ್ ನೈಟ್ರೇಟ್ ಹನಿ ಹಾಕಲು ತೊಡಗಿದ್ದರು. ಸಲ್ಫಾ ಎಂಬ ಔಷಧ ಬಂದಾಗ ಗೊನೊಕಾಕಸ್ ಕೆಲವೇ ವರ್ಷಗಳಲ್ಲಿ ಅದಕ್ಕೆ ಒಗ್ಗಿಕೊಂಡಿತು. ಪೆನಿಸಿಲಿನ್ ಸ್ವಲ್ಪ ಹೆಚ್ಚು ಕಾಲ ತಾಳಿತು. 1976ರ ಹೊತ್ತಿಗೆ ಪೆನಿಸಿಲಿನ್ನನ್ನೇ ಒಡೆದುಹಾಕುವ ಕಿಣ್ವವಿದ್ದ ತಳಿಗಳು ಕಾಣಿಸಿಕೊಂಡವು.

ಕಣ್ಣಿನ ಬೇರೆ ಸೋಂಕುಗಳಿಗೆ ಬಳಸಿದ ಕ್ಲೋರಾಂಫೆನಿಕಾಲ್, ಜೆಂಟಾಮೈಸಿನ್ ಹನಿಗಳ ನಂತರ, 1990ರಲ್ಲಿ ಅಮೆರಿಕದಲ್ಲಿ ಸಿಪ್ರೊಫ್ಲಾಕ್ಸಾಸಿನ್ ಹನಿಗೆ ಅನುಮತಿ ದೊರೆಯಿತು. ಡಿಎನ್‌ಎ ಎಳೆಯ ಸಿಕ್ಕು ಬಿಡಿಸುವ ಗೈರೇಸ್ ಎಂಬ ಕಿಣ್ವಕ್ಕೆ ಈ ಔಷಧ ಅಂಟಿಕೊಳ್ಳುತ್ತದೆ. ಎಳೆ ತುಂಡಾಗಿ ಬ್ಯಾಕ್ಟೀರಿಯಾ ಸಾಯುತ್ತದೆ. ಕಿಣ್ವದ ಜೀನ್‌ನಲ್ಲಿ ಒಂದಕ್ಷರ ಬದಲಾದರೂ ಔಷಧದ ಹಿಡಿತ ಸಡಿಲವಾಗಬಹುದು. 2003ರಲ್ಲಿ ಬಂದ ಮಾಕ್ಸಿಫ್ಲಾಕ್ಸಾಸಿನ್, ಗ್ಯಾಟಿಫ್ಲಾಕ್ಸಾಸಿನ್‌ಗಳು ಒಟ್ಟಿಗೇ ಎರಡು ಕಿಣ್ವಗಳಿಗೆ ಗುರಿಯಿಟ್ಟವು. ಬ್ಯಾಕ್ಟೀರಿಯಾಗೆ ಈ ಎರಡು ಬೀಗಗಳನ್ನೂ ಮುರಿಯುವುದು ಕಷ್ಟ, ಆದರೆ ಅಸಾಧ್ಯವಲ್ಲ.

ಅಮೆರಿಕದಲ್ಲಿ 2009ರಿಂದ ನಡೆದಿರುವ ಕಣ್ಣಿನ ಬ್ಯಾಕ್ಟೀರಿಯಾಗಳ ಆರ್ಮರ್ ಸಮೀಕ್ಷೆಯ ಮೊದಲ 10 ವರ್ಷಗಳಲ್ಲಿ, ಕಣ್ಣಿನಿಂದ ತೆಗೆದ ಬ್ಯಾಕ್ಟೀರಿಯಾ ಸ್ಟ್ಯಾಫಿಲೊಕಾಕಸ್ ಆರಿಯಸ್‌ನಲ್ಲಿ ಸುಮಾರು ಮೂರರಲ್ಲೊಂದು ಆಂಟಿಬಯೋಟಿಕ್ ಆದ ಮೆಥಿಸಿಲಿನ್‌ಗೆ ಬಗ್ಗಲಿಲ್ಲ. ಇಲ್ಲೊಂದು ತಮಾಷೆಯಿದೆ. ಲ್ಯಾಬ್‌ನಲ್ಲಿ 'ನಿರೋಧಕ' ಎಂದು ತೀರ್ಮಾನಿಸುವ ಅಳತೆಗೋಲು ರಕ್ತದಲ್ಲಿ ಸಿಗುವ ಔಷಧದ ಪ್ರಮಾಣವನ್ನು ಆಧರಿಸಿದ್ದು. ಹನಿ ಹಾಕಿದಾಗ ಕಾರ್ನಿಯಾದ ಮೇಲೆ ಅದಕ್ಕಿಂತ ಎಷ್ಟೋ ಪಟ್ಟು ಗಟ್ಟಿಯಾದ ಔಷಧವಿರುತ್ತದೆ. ಹಾಗಾಗಿ ವರದಿಯಲ್ಲಿ ಸೋತ ಔಷಧ ಕೆಲವೊಮ್ಮೆ ರೋಗಿಯಲ್ಲಿ ಗೆಲ್ಲುವುದುಂಟು.

ನಮ್ಮ 'ಮದ್ರಾಸ್ ಐ' ಸಾಮಾನ್ಯವಾಗಿ ಅಡೆನೊವೈರಸ್‌ನಿಂದ ಬರುವಂಥದ್ದು; ಅದಕ್ಕೆ ಮೆಡಿಕಲ್ ಶಾಪಿನಿಂದ ತಂದ ಆಂಟಿಬಯೋಟಿಕ್ ಹನಿ ಕಣ್ಣಲ್ಲಿರುವ ನಿರುಪದ್ರವಿ ಬ್ಯಾಕ್ಟೀರಿಯಾಗಳಿಗೆ ನಿರೋಧಕತೆಯ ಪಾಠ ಕಲಿಸುತ್ತದೆ, ಅಷ್ಟೆ. ಕಣ್ಣಿನೊಳಗೆ ಚುಚ್ಚುಮದ್ದು ಕೊಟ್ಟಾಗಲೆಲ್ಲ ಆಂಟಿಬಯೋಟಿಕ್ ಹನಿ ಬರೆದುಕೊಟ್ಟ ರೋಗಿಗಳಲ್ಲೂ ಹೀಗೇ ಆದದ್ದು ಕಂಡುಬಂದ ಮೇಲೆ ಹಲವು ವೈದ್ಯರು ಆ ರೂಢಿ ಬಿಟ್ಟು, ಕ್ರಿಮಿನಾಶಕ ಪೊವಿಡೋನ್ ಅಯೋಡಿನ್‌ನಿಂದ ಕಣ್ಣು ತೊಳೆಯುವುದನ್ನೇ ನೆಚ್ಚಿಕೊಂಡರು. 1995ರಲ್ಲಿ ಪ್ರಕಟವಾದ ಕೀನ್ಯಾದ ಅಧ್ಯಯನದಲ್ಲಿ ನವಜಾತ ಶಿಶುಗಳಿಗೆ ಇದೇ ಅಯೋಡಿನ್ ಹನಿ ಹಾಕಿದಾಗ ಸಿಲ್ವರ್ ನೈಟ್ರೇಟ್, ಎರಿಥ್ರೊಮೈಸಿನ್ ಎರಡಕ್ಕಿಂತಲೂ ಕಡಿಮೆ ಸೋಂಕು ಕಂಡಿತ್ತು. ಅಗ್ಗದ ಕಂದು ದ್ರಾವಣ ದುಬಾರಿ ಬಾಟಲಿಗಳನ್ನು ಹಿಂದೆ ಹಾಕಿತು! ಭಾರತದ ಅರವಿಂದ ಕಣ್ಣಾಸ್ಪತ್ರೆಗಳು ಮಾತ್ರ ಆಂಟಿಬಯೋಟಿಕ್ ಹಾಕುವ ಜಾಗವನ್ನೇ ಬದಲಿಸಿ ನೋಡಿದವು. ಪೊರೆ ಶಸ್ತ್ರಚಿಕಿತ್ಸೆಯ ಕೊನೆಗೆ ಕಣ್ಣಿನೊಳಗೇ ಮಾಕ್ಸಿಫ್ಲಾಕ್ಸಾಸಿನ್ ಕೊಟ್ಟಾಗ ಕಣ್ಣೊಳಗಿನ ಸೋಂಕು ಶೇ. 0.07ರಿಂದ 0.02ಕ್ಕೆ ಇಳಿಯಿತು, ಪರಿಶೀಲಿಸಿದ್ದು 6 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು.

2022–23ರಲ್ಲಿ ಅಮೆರಿಕದ 18 ರಾಜ್ಯಗಳಲ್ಲಿ 81 ಜನರಿಗೆ ಪ್ರಬಲ ಆಂಟಿಬಯೋಟಿಕ್ ಕಾರ್ಬಪೆನೆಮ್‌ಗೂ ಜಗ್ಗದ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ತಗುಲಿತು. ಹಲವರು ಬಳಸಿದ್ದು ಒಣಗಿದ ಕಣ್ಣಿಗೆ ಹಾಕುವ 'ಕೃತಕ ಕಣ್ಣೀರು'. ಅದು ತಯಾರಾದದ್ದು ತಮಿಳುನಾಡಿನಲ್ಲಿ. 14 ಮಂದಿ ದೃಷ್ಟಿ ಕಳೆದುಕೊಂಡರು, ನಾಲ್ವರ ಕಣ್ಣುಗುಡ್ಡೆ ತೆಗೆಯಬೇಕಾಯಿತು, ನಾಲ್ವರು ಸತ್ತರು. ಮೊದಮೊದಲು ಪರೀಕ್ಷಿಸಿದ ಮಾದರಿಗಳು ಸೆಫಿಡೆರೊಕಾಲ್ ಎಂಬ ಹೊಸ ಔಷಧಕ್ಕೆ ಮಣಿದವು. ಅದು ರಕ್ತನಾಳಕ್ಕೆ ಕೊಡುವ ಮದ್ದು. ಕಣ್ಣಿನ ಹನಿಯಾಗಿ ಮಾರುಕಟ್ಟೆಗೆ ಬಂದದ್ದಲ್ಲ.