ಕವಲುಗಳ ಲೆಕ್ಕ ಬರೆದವರು

ಇವತ್ತು ಸ್ವಲ್ಪ ಒಣ ವಿಷಯ. ಕಥೆ, ಕವನ ಅಂತ ಹುಡುಕಿಕೊಂಡು ಬಂದವರು ಬೇಸರ ಮಾಡಿಕೊಳ್ಳಬೇಡಿ, ಇದರಲ್ಲೂ ಒಂದು ಕಥೆ ಇದೆ. ಕಂಪ್ಯೂಟರ್ ಕೆಲಸದವರಲ್ಲದಿದ್ದರೂ ಅರ್ಥವಾಗುವ ಹಾಗೆ ಬರೆಯಲು ಪ್ರಯತ್ನಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಕಡೆ ಒಂದು ಸರ್ವರ್ ವಿಚಿತ್ರವಾಗಿ ಆಡುತ್ತಿತ್ತು. ದಿನವೆಲ್ಲ ಸರಿಯಾಗೇ ಇರುತ್ತಿತ್ತು, ರಾತ್ರಿ ಯಾವಾಗಲೋ ಒಮ್ಮೆ ಕೆಲವು ಮಿಲಿಸೆಕೆಂಡು ಸುಮ್ಮನೆ ನಿಂತುಬಿಡುತ್ತಿತ್ತು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಮೂರು ರಾತ್ರಿ ನಿದ್ದೆಗೆಟ್ಟು ಕೊನೆಗೂ ಆ ಕ್ಷಣದ ‘ಟ್ರೇಸ್’ ಹಿಡಿದೆವು. ಪ್ರೊಸೆಸರ್ ತಾನು ನಡೆದ ದಾರಿಯನ್ನು ತಾನೇ ಬರೆದುಕೊಟ್ಟ ದಾಖಲೆ ಅದು. ಫೈಲನ್ನು ಜೋಪಾನವಾಗಿ ಬೇರೆ ಕಂಪ್ಯೂಟರಿಗೆ ಹಾಕಿ, ಹುಲಿ ಹೊಡೆದವರ ಹಾಗೆ ಮನೆಗೆ ಹೋದೆವು. ಸೋಮವಾರ ಬಂದು ತೆರೆದರೆ ಬರೀ ಎರರ್‌ಗಳ ಸಾಲು. ಶನಿವಾರ ಯಾರೋ ಸರ್ವರಿನ ಕರ್ನಲ್ ಬದಲಾಯಿಸಿದ್ದರು. ಹಳೆಯದು ನಾವೇ ಕಟ್ಟಿಕೊಂಡಿದ್ದ ಕರ್ನಲ್, ಅದರ ಪ್ರತಿ ಎಲ್ಲೂ ಉಳಿದಿರಲಿಲ್ಲ. ದಾಖಲೆ ಕೈಯಲ್ಲಿದೆ, ಓದುವುದಕ್ಕೆ ಆಗುವುದಿಲ್ಲ!

ಯಾಕೆ ಹಾಗಾಯಿತು ಅಂತ ಹುಡುಕುತ್ತಾ ಹೋದಾಗ ಈ ವಿದ್ಯೆಯ ಚರಿತ್ರೆಯೇ ಕಣ್ಣಮುಂದೆ ಬಂತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

* * *

ಯಂತ್ರ ಒಳಗೆ ಏನು ಮಾಡುತ್ತಿದೆ ಅನ್ನುವ ಪ್ರಶ್ನೆ ಕಂಪ್ಯೂಟರಿನಷ್ಟೇ ಹಳೆಯದು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಎಡ್‌ಸ್ಯಾಕ್ 1949ರ ಮೇ ತಿಂಗಳಲ್ಲಿ ಮೊದಲ ಬಾರಿ ಓಡಿತು. ಪ್ರೋಗ್ರಾಮ್ ತಪ್ಪಿಲ್ಲದೆ ಬರೆಯುವುದು ಎಷ್ಟು ಕಷ್ಟ ಅಂತ ಅಲ್ಲಿದ್ದವರಿಗೆ ಬೇಗನೆ ಗೊತ್ತಾಯಿತು. ಅವರಲ್ಲೊಬ್ಬ ಸ್ಟ್ಯಾನ್ಲಿ ಗಿಲ್. ಈತ 1951ರಲ್ಲಿ ಪ್ರೋಗ್ರಾಮ್‌ಗಳ ತಪ್ಪು ಪತ್ತೆ ಮಾಡುವ ಬಗ್ಗೆಯೇ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದ. ಉಪಾಯ ಸರಳ. ಪರೀಕ್ಷಿಸಬೇಕಾದ ಪ್ರೋಗ್ರಾಮನ್ನು ನೇರವಾಗಿ ಓಡಲು ಬಿಡುವುದಿಲ್ಲ. ಇನ್ನೊಂದು ಪ್ರೋಗ್ರಾಮ್ ಅದರ ಒಂದೊಂದೇ ಆದೇಶವನ್ನು ಕೈಗೆತ್ತಿಕೊಂಡು, ಅದರ ಅಕ್ಷರವನ್ನು ಟೆಲಿಪ್ರಿಂಟರಿನಲ್ಲಿ ಅಚ್ಚುಮಾಡಿ, ಆಮೇಲೆ ಅದನ್ನು ನಡೆಸುತ್ತದೆ. ಎಡ್‌ಸ್ಯಾಕ್ ಸೆಕೆಂಡಿಗೆ ಸುಮಾರು 650 ಆದೇಶ ನಡೆಸುತ್ತಿತ್ತು, ಟೆಲಿಪ್ರಿಂಟರ್ ಸೆಕೆಂಡಿಗೆ ಆರೇಳು ಅಕ್ಷರ ಹೊಡೆಯುತ್ತಿತ್ತು. ಅಂದರೆ ನೋಡುತ್ತಾ ನಡೆದರೆ ನೂರು ಪಟ್ಟು ನಿಧಾನ. ಆದರೂ ದಾರಿ ಕಾಣುತ್ತಿತ್ತು.

ಪ್ರತಿ ಹೆಜ್ಜೆ ಬರೆಯುವ ಬದಲು ತಿರುವುಗಳನ್ನು ಮಾತ್ರ ಬರೆದರೆ ಸಾಕಲ್ಲವೇ? ಪ್ರೋಗ್ರಾಮ್ ಸಾಮಾನ್ಯವಾಗಿ ನೇರ ಹೋಗುತ್ತದೆ, ಕವಲು ಬಂದಲ್ಲಿ ಮಾತ್ರ ಆ ಕಡೆ ಅಥವಾ ಈ ಕಡೆ. ಕವಲುಗಳ ಲೆಕ್ಕ ಇದ್ದರೆ ನಡುವಿನ ದಾರಿ ತಾನಾಗಿಯೇ ಗೊತ್ತಾಗುತ್ತದೆ. 1954ರಲ್ಲಿ ಬಂದ ಐಬಿಎಂ 704 ಯಂತ್ರಕ್ಕೆ ಇದು ಗೊತ್ತಿತ್ತು. ಅದರಲ್ಲಿ ‘ಟ್ರ್ಯಾಪಿಂಗ್ ಮೋಡ್’ ಅನ್ನುವ ಸ್ಥಿತಿ ಇತ್ತು. ಅದರೊಳಗೆ ಹೋದರೆ ಪ್ರತಿ ಜಿಗಿತದ ಆದೇಶದ ವಿಳಾಸ ಮೆಮೊರಿಯ ಸೊನ್ನೆಯ ಮನೆಯಲ್ಲಿ ಬೀಳುತ್ತಿತ್ತು, ಜಿಗಿಯಬೇಕಾದಾಗ ಯಂತ್ರ ಮೊದಲು ಒಂದನೇ ಮನೆಗೆ ಬರುತ್ತಿತ್ತು. ಅಲ್ಲಿ ನಿಮ್ಮ ಲೆಕ್ಕದ ಪ್ರೋಗ್ರಾಮ್ ಕೂತಿದ್ದರೆ ಆಯಿತು. ಆ ಸ್ಥಿತಿಗೆ ಹೋಗುವ ಆದೇಶದ ಸಂಕ್ಷಿಪ್ತ ಹೆಸರು ಇಟಿಎಂ. ಹಲವು ದಶಕಗಳ ನಂತರ ಆರ್ಮ್ ಚಿಪ್ಪುಗಳಲ್ಲಿ ಇದೇ ಕೆಲಸಕ್ಕೆ ಬಂದ ಭಾಗದ ಹೆಸರೂ ಇಟಿಎಂ! ಎರಡಕ್ಕೂ ಸಂಬಂಧವಿಲ್ಲ, ವಿಸ್ತರಿಸಿದರೆ ಬೇರೆ ಬೇರೆ ಪದಗಳು. ಆದರೂ ಓದಿದಾಗ ನಗು ಬಂತು.

* * *

ಆಮೇಲೆ ಯಂತ್ರಗಳ ವೇಗ ಏರಿತು, ಹೆಜ್ಜೆ ಎಣಿಸುವುದು ದುಬಾರಿಯಾಯಿತು. ಜನ ಬೇರೆ ದಾರಿ ಹಿಡಿದರು. ಎಲ್ಲವನ್ನೂ ನೋಡುವ ಬದಲು ಆಗಾಗ ಇಣುಕಿ ನೋಡುವುದು. ಬರ್ಕ್ಲಿಯ ಸೂಸನ್ ಗ್ರಹಾಂ, ಪೀಟರ್ ಕೆಸ್ಲರ್, ಮಾರ್ಷಲ್ ಮೆಕ್‌ಕ್ಯೂಸಿಕ್ ಸೇರಿ 1982ರಲ್ಲಿ ಪ್ರಕಟಿಸಿದ ಜಿಪ್ರಾಫ್ ಯಾವ ಫಂಕ್ಷನ್ ಯಾವುದನ್ನು ಎಷ್ಟು ಬಾರಿ ಕರೆಯಿತು ಅಂತ ಎಣಿಸುತ್ತಿತ್ತು, ಸಮಯವನ್ನು ಮಾತ್ರ ಇಣುಕಿ ನೋಡಿ ಅಂದಾಜು ಮಾಡುತ್ತಿತ್ತು. 1997ರಲ್ಲಿ ಡಿಜಿಟಲ್ ಕಂಪನಿಯವರು ಆಲ್ಫಾ ಯಂತ್ರಗಳಲ್ಲಿ ಪ್ರೊಸೆಸರಿನ ಒಳಗಿನ ಕೌಂಟರುಗಳನ್ನು ಬಳಸಿ ಇಡೀ ವ್ಯವಸ್ಥೆಯನ್ನು ಸತತವಾಗಿ ಇಣುಕಬಹುದು ಅಂತ ತೋರಿಸಿದರು. ಅದೇ ದಾರಿಯಲ್ಲಿ ಲಿನಕ್ಸಿಗೆ 2002ರಲ್ಲಿ ಓಪ್ರೊಫೈಲ್ ಬಂತು. 2008ರ ಡಿಸೆಂಬರಿನಲ್ಲಿ ಥಾಮಸ್ ಗ್ಲೈಕ್ಸ್‌ನರ್ ಮತ್ತು ಇಂಗೋ ಮೋಲ್ನಾರ್ ಹೊಸದೊಂದು ವ್ಯವಸ್ಥೆ ಮುಂದಿಟ್ಟರು. ಅದು 2009ರಲ್ಲಿ ಲಿನಕ್ಸ್ 2.6.31ರ ಜೊತೆ ಹೊರಬಂತು. ಅದೇ ಇವತ್ತಿನ ‘ಪರ್ಫ್’.

ಇಣುಕಿ ನೋಡುವುದು ಒಳ್ಳೆಯದೇ. ಮನೆಯಲ್ಲಿ ಹೆಚ್ಚು ಹೊತ್ತು ಯಾರು ಟಿವಿ ನೋಡುತ್ತಾರೆ ಅಂತ ತಿಳಿಯಲು ಗಂಟೆಗೊಮ್ಮೆ ಹಾಲಿಗೆ ಇಣುಕಿದರೆ ಸಾಕು. ಆದರೆ ನಿನ್ನೆ ರಾತ್ರಿ ಒಂದೇ ಸಲ ಬಂದು ಬೆಲ್ಲದ ಡಬ್ಬಿಗೆ ಕೈ ಹಾಕಿದ್ದು ಯಾರು ಅಂತ ಹಾಗೆ ತಿಳಿಯುವುದಿಲ್ಲ. ನಮ್ಮ ಸರ್ವರಿನ ಕಷ್ಟ ಎರಡನೇ ಜಾತಿಯದು. ರಾತ್ರಿಯೆಲ್ಲ ಒಟ್ಟುಗೂಡಿದ ಲಕ್ಷಾಂತರ ಸ್ಯಾಂಪಲ್‌ಗಳಲ್ಲಿ ಆ ಕೆಲವು ಮಿಲಿಸೆಕೆಂಡು ಎಲ್ಲೋ ಕರಗಿಹೋಗುತ್ತಿತ್ತು.

ಹೊರಗಿನಿಂದ ತಂತಿ ಸಿಕ್ಕಿಸಿ ನೋಡುವ ದಾರಿಯೂ ಒಂದಿತ್ತು. ಪ್ರೊಸೆಸರ್ ಪ್ರತಿ ಆದೇಶವನ್ನೂ ಮೆಮೊರಿಯಿಂದ ತರಿಸುತ್ತಿದ್ದ ಕಾಲದಲ್ಲಿ ಆ ತಂತಿಗಳ ಮೇಲೆ ಕಣ್ಣಿಟ್ಟರೆ ಎಲ್ಲ ಕಾಣುತ್ತಿತ್ತು. ಕ್ಯಾಶ್ ಮೆಮೊರಿ ಚಿಪ್ಪಿನೊಳಗೆ ಬಂದ ಮೇಲೆ ಆ ಬಾಗಿಲು ಮುಚ್ಚಿತು. ಉದಾಹರಣೆಗೆ 1989ರ ಇಂಟೆಲ್ 486ರಲ್ಲಿ 8 ಕಿಲೋಬೈಟ್ ಕ್ಯಾಶ್ ಒಳಗೇ ಇತ್ತು. ಆದೇಶಗಳು ಅಲ್ಲಿಂದಲೇ ಬಂದರೆ ಹೊರಗೆ ಏನು ಕಂಡೀತು? ಹಾಗಾಗಿ ಲೆಕ್ಕ ಬರೆಯುವವನೂ ಚಿಪ್ಪಿನ ಒಳಗೇ ಕೂರಬೇಕಾಯಿತು.

* * *

ಇಂಟೆಲ್‌ನವರು 2000ದಲ್ಲಿ ಬಂದ ಪೆಂಟಿಯಂ 4ರಲ್ಲಿ ಒಂದು ಪ್ರಯತ್ನ ಮಾಡಿದರು. ಹೆಸರು ಬ್ರ್ಯಾಂಚ್ ಟ್ರೇಸ್ ಸ್ಟೋರ್. ಪ್ರತಿ ತಿರುವಿಗೂ ಎಲ್ಲಿಂದ ಎಲ್ಲಿಗೆ ಅಂತ ಪೂರ್ತಿ ವಿಳಾಸಗಳನ್ನು ಮೆಮೊರಿಗೆ ಬರೆಯುವುದು. 64 ಬಿಟ್ ಯಂತ್ರದಲ್ಲಿ ಒಂದು ತಿರುವಿಗೆ 24 ಬೈಟ್. ಇಷ್ಟು ಬರೆಯುತ್ತಾ ಕೂತರೆ ಪ್ರೋಗ್ರಾಮ್ ತೆವಳುತ್ತದೆ, ಹಾಗೆ ತೆವಳುವಾಗ ನೀವು ಹುಡುಕುತ್ತಿದ್ದ ಸಮಯದ ತೊಂದರೆ ಮಾಯವಾಗಿಬಿಡಬಹುದು.

ನಿಜವಾದ ಜಾಣತನ ಬಂದದ್ದು ‘ಇಂಟೆಲ್ ಪ್ರೊಸೆಸರ್ ಟ್ರೇಸ್’ನಲ್ಲಿ. 2014ರಲ್ಲಿ ಬ್ರಾಡ್‌ವೆಲ್ ಚಿಪ್ಪುಗಳ ಜೊತೆ ಬಂತು. ಇದನ್ನು ಹೀಗೆ ಯೋಚಿಸಿ. ಬಸವನಗುಡಿಯಿಂದ ಹೊರಟ ಆಟೋದವನಿಗೆ ಒಂದು ಚೀಟಿ ಕೊಟ್ಟು, ಹೋದ ದಾರಿ ಬರೆ ಅಂತೀರಿ. ಅವನು ಪ್ರತಿ ರಸ್ತೆಯ ಹೆಸರು ಬರೆಯಬೇಕಿಲ್ಲ. ಪ್ರತಿ ಕವಲಲ್ಲಿ ತಿರುಗಿದೆ ಅಂದರೆ 1, ತಿರುಗಲಿಲ್ಲ ಅಂದರೆ 0 ಬರೆದರೆ ಸಾಕು. ಊರಿನ ನಕ್ಷೆ ನಿಮ್ಮ ಹತ್ತಿರ ಇದ್ದರೆ ಹೊರಟ ಜಾಗದಿಂದ ಬೆರಳಿಟ್ಟುಕೊಂಡು ಪೂರ್ತಿ ದಾರಿ ಹಿಡಿಯಬಹುದು. ನಾಲ್ಕೈದು ರಸ್ತೆ ಕೂಡುವ ಸರ್ಕಲ್ ಬಂದಾಗ ಮಾತ್ರ ಯಾವ ಕಡೆ ಹೋದೆ ಅಂತ ಹೆಸರು ಬರೆಯಬೇಕು. ಆಗಾಗ ಗಡಿಯಾರ ನೋಡಿ ಸಮಯ ಹಾಕಬೇಕು. ಪ್ರೊಸೆಸರ್ ಟ್ರೇಸ್ ಮಾಡುವುದು ಇಷ್ಟೇ. ಒಂದೇ ಬೈಟಿನ ಪೊಟ್ಟಣದಲ್ಲಿ ಆರು ಕವಲುಗಳ ಹೌದು-ಅಲ್ಲ ಹಿಡಿಸುತ್ತದೆ. ಹಳೇ ವಿಧಾನದಲ್ಲಿ ಅದೇ ಆರು ತಿರುವಿಗೆ 144 ಬೈಟ್ ಬೇಕಿತ್ತು.

ಆದರೆ ಗಮನಿಸಿ, ಈ ಚೀಟಿಯಲ್ಲಿ ರಸ್ತೆಗಳೇ ಇಲ್ಲ. ನಕ್ಷೆ ಇಲ್ಲದಿದ್ದರೆ ಅದು ಬರೀ ಸೊನ್ನೆ, ಒಂದು. ಇಲ್ಲಿ ನಕ್ಷೆ ಅಂದರೆ ಆ ಹೊತ್ತಿಗೆ ಓಡುತ್ತಿದ್ದ ಪ್ರೋಗ್ರಾಮ್ ಮತ್ತು ಕರ್ನಲ್‌ನ ಯಥಾವತ್ ಪ್ರತಿ. ಬರೆಯುವುದನ್ನು ಅಗ್ಗ ಮಾಡಿದ್ದಕ್ಕೆ ತೆತ್ತ ಬೆಲೆ ಇದು. ಭಾರವೆಲ್ಲ ಓದುವವನ ತಲೆಗೆ ಬಂತು. ನಾವು ಆ ಶನಿವಾರ ಕಳೆದುಕೊಂಡದ್ದು ನಕ್ಷೆಯನ್ನೇ.

* * *

ಈ ದೃಷ್ಟಿಯಿಂದ ಲಿನಕ್ಸಿನ ಇತಿಹಾಸ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬರೆಯುವುದು ಮೊದಲು ಬರುತ್ತದೆ, ಓದುವುದು ತಡವಾಗಿ. ಪ್ರೊಸೆಸರ್ ಟ್ರೇಸ್ ಹಿಡಿಯುವ ಅಲೆಕ್ಸಾಂಡರ್ ಶಿಶ್ಕಿನ್ ಅವರ ಡ್ರೈವರ್ 2015ರ ಜೂನ್‌ನಲ್ಲಿ ಲಿನಕ್ಸ್ 4.1ರಲ್ಲಿ ಬಂತು. ಅದನ್ನು ಬಿಡಿಸಿ ಓದುವ ಏಡ್ರಿಯನ್ ಹಂಟರ್ ಅವರ ಕೆಲಸ ಪರ್ಫ್‌ನೊಳಗೆ ಸೇರಿ ಹೊರಬಂದದ್ದು ನವೆಂಬರಿನ 4.3ರಲ್ಲಿ. ಆರ್ಮ್ ಕಡೆ ಅಂತರ ಇನ್ನೂ ಹೆಚ್ಚು. ಕೋರ್‌ಸೈಟ್ ಎನ್ನುವ ವ್ಯವಸ್ಥೆ 2015ರಲ್ಲಿ ಲಿನಕ್ಸ್ 3.19ಕ್ಕೆ ಬಂತು, ಪರ್ಫ್ ಮೂಲಕ ದಾಖಲಿಸುವ ಕೊಂಡಿ 2016ರಲ್ಲಿ, ಅದನ್ನು ಪರ್ಫ್‌ನಲ್ಲೇ ಬಿಡಿಸಿ ಓದುವ ಅನುಕೂಲ 2018ರಲ್ಲಿ.

ಬಳಸುವುದು ಹೇಗೆ ಅಂತ ತಿಳಿಸುವ ಬರಹವೂ ಈ ಓದುವ ಕೆಲಸದ್ದೇ ಒಂದು ಭಾಗ. ಹಂಟರ್ ಅವರ ಡಿಕೋಡರ್ ಜೊತೆಗೆ ಪರ್ಫ್‌ನ ಮೂಲದಲ್ಲಿ ಒಂದು ಸಾದಾ ಪಠ್ಯದ ಫೈಲ್ ಇತ್ತು. 2020ರಲ್ಲಿ ಅದಕ್ಕೆ ಮ್ಯಾನ್ ಪೇಜ್ ರೂಪ ಸಿಕ್ಕಿತು. ನಾನು ಓದಿದ ತಾಂತ್ರಿಕ ಕೈಪಿಡಿಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಅಪರೂಪ. ಸಾಧನದ ಗುಣ ಹೇಳುವ ಮೊದಲ ಪುಟದಲ್ಲೇ ದೋಷವನ್ನೂ ಹೇಳುತ್ತದೆ. ಒಂದೊಂದು ಕೋರ್ ಸೆಕೆಂಡಿಗೆ ನೂರಾರು ಮೆಗಾಬೈಟ್ ಬರೆಯಬಹುದು, ಅದನ್ನು ಬಿಡಿಸಲು ಹಿಡಿದದ್ದಕ್ಕಿಂತ ನೂರರಿಂದ ಸಾವಿರ ಪಟ್ಟು ಹೆಚ್ಚು ಹೊತ್ತು ಬೇಕಾಗಬಹುದು ಅಂತ.

ಆ ಕೈಪಿಡಿಯಿಂದಲೂ ಕೈ ಸುಟ್ಟುಕೊಂಡೂ ಕಲಿತದ್ದನ್ನು ನಾಲ್ಕು ಮಾತಲ್ಲಿ ಹೇಳುತ್ತೇನೆ.

1. ಮೊದಲು ನಿಮ್ಮ ಪ್ರೊಸೆಸರಿಗೆ ಈ ವಿದ್ಯೆ ಗೊತ್ತಿದೆಯೇ ನೋಡಿ. ಲಿನಕ್ಸಿನ ‘ಸಿಸ್’ ಫೋಲ್ಡರಿನಲ್ಲಿ ಬಸ್, ಈವೆಂಟ್ ಸೋರ್ಸ್, ಡಿವೈಸಸ್ ಅಂತ ಇಳಿದುಹೋದರೆ ಅಲ್ಲಿ ಇಂಟೆಲ್ ಪಿಟಿ ಹೆಸರು ಇರಬೇಕು.

2. ಎಲ್ಲವನ್ನೂ ಹಿಡಿಯಲು ಹೋಗಬೇಡಿ, ಡಿಸ್ಕ್ ಸೋಲುತ್ತದೆ. ಸ್ನ್ಯಾಪ್‌ಶಾಟ್ ವಿಧಾನ ಬಳಸಿ. ಇದರಲ್ಲಿ ಹೊಸ ದಾಖಲೆ ಹಳೆಯದರ ಮೇಲೆಯೇ ಸುತ್ತುತ್ತಾ ಬರೆದುಕೊಳ್ಳುತ್ತಿರುತ್ತದೆ. ತೊಂದರೆ ಕಂಡ ಕೂಡಲೇ ಪರ್ಫ್‌ಗೆ ಒಂದು ಸಿಗ್ನಲ್ ಕಳಿಸಿದರೆ ಕಳೆದ ಕ್ಷಣಗಳದ್ದು ಮಾತ್ರ ಉಳಿಯುತ್ತದೆ.

3. ಕರ್ನಲ್‌ನ ಒಳಗೂ ನೋಡಬೇಕಾದರೆ ‘ಕೆಕೋರ್’ ಆಯ್ಕೆಯನ್ನು ಮರೆಯಬೇಡಿ. ಲಿನಕ್ಸ್ ಕರ್ನಲ್ ಓಡುತ್ತಿರುವಾಗಲೇ ತನ್ನ ಆದೇಶಗಳನ್ನು ತಿದ್ದಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ರಾತ್ರೋರಾತ್ರಿ ರಸ್ತೆ ಒನ್‌ವೇ ಆಗುವ ಹಾಗೆ. ಡಿಸ್ಕಿನಲ್ಲಿರುವ ಕರ್ನಲ್ ಫೈಲ್ ಹಳೇ ನಕ್ಷೆ. ಕೆಕೋರ್ ಅಂದರೆ ಓಡುತ್ತಿರುವ ಕರ್ನಲ್‌ನ ಆ ಹೊತ್ತಿನ ನಕ್ಷೆ, ಅದು ದಾಖಲೆಯ ಜೊತೆಗೇ ಉಳಿಯುತ್ತದೆ. ಹಿಡಿಯುತ್ತಿರುವಾಗಲೇ ಆಗುವ ತಿದ್ದುಪಡಿಗಳನ್ನು ಒಂದೊಂದಾಗಿ ಗುರುತು ಹಾಕಿಕೊಳ್ಳುವ ವ್ಯವಸ್ಥೆಯೂ 2020ರಲ್ಲಿ ಸೇರಿತು.

4. ಓದುವಾಗ ಪರ್ಫ್ ಸ್ಕ್ರಿಪ್ಟ್‌ಗೆ ಬೇಕಾದಷ್ಟನ್ನೇ ಕೇಳಿ. ಮೊದಲು ಕರೆಗಳು, ಹಿಂತಿರುಗುವಿಕೆಗಳು ಮಾತ್ರ. ಸಮಯದ ಕಿಟಕಿ ಕಿರಿದಾದ ಮೇಲೆ ಒಂದೊಂದೇ ಆದೇಶ. ಮೊದಲೇ ಎಲ್ಲ ಕೇಳಿದರೆ ಊಟ ಮುಗಿಸಿ ಬಂದರೂ ಅದು ಓಡುತ್ತಲೇ ಇರುತ್ತದೆ.

2022ರಲ್ಲಿ ಜೇನ್ ಸ್ಟ್ರೀಟ್ ಸಂಸ್ಥೆಯವರು ಹೊರತಂದ ‘ಮ್ಯಾಜಿಕ್ ಟ್ರೇಸ್’ ಇವುಗಳಲ್ಲಿ ಬಹಳಷ್ಟನ್ನು ತಾನೇ ಮಾಡಿ ಚಿತ್ರವಾಗಿ ತೋರಿಸುತ್ತದೆ. ಒಳಗೆ ಇರುವುದು ಇದೇ ಪರ್ಫ್.

* * *

ನಮ್ಮ ಸರ್ವರ್ ಕಥೆ ಏನಾಯಿತು ಅಂತ ಕೇಳುತ್ತೀರಿ. ಇನ್ನೆರಡು ವಾರ ಕಾದೆವು. ಈ ಸಲ ಕೆಕೋರ್ ಸಮೇತ ಹಿಡಿದೆವು. ಒಂದು ಮಧ್ಯಾಹ್ನದಲ್ಲಿ ಉತ್ತರ ಸಿಕ್ಕಿತು. ನಮ್ಮ ಪ್ರೋಗ್ರಾಮ್ ಒಂದಿಷ್ಟು ಮೆಮೊರಿ ಮುಟ್ಟಿದಾಗ, ಒಂದೇ ಕಡೆ ದೊಡ್ಡ ಜಾಗ ಕೊಡೋಣ ಅಂತ ಕರ್ನಲ್ ಇದ್ದಬದ್ದ ತುಣುಕುಗಳನ್ನೆಲ್ಲ ಅತ್ತಿತ್ತ ಸರಿಸುತ್ತಿತ್ತು. ಅಷ್ಟು ಹೊತ್ತು ನಾವು ಬಾಗಿಲಲ್ಲಿ ಕಾಯುತ್ತಿದ್ದೆವು. ಒಂದು ಸೆಟ್ಟಿಂಗ್ ಬದಲಿಸಿದೆವು, ಅಷ್ಟೇ.

ಮುಜುಗರದ ಸಂಗತಿ ಇನ್ನೊಂದಿದೆ. ನಕ್ಷೆಯನ್ನು ಜೊತೆಗೇ ಇಟ್ಟುಕೊಳ್ಳಿ ಅನ್ನುವ ಎಚ್ಚರಿಕೆ ಆ ಕೈಪಿಡಿಯಲ್ಲಿ ಮೊದಲೇ ಇತ್ತು, ನಾವು ಓದಿರಲಿಲ್ಲ. ನಮಗಿಂತ ಮೊದಲು ಅದೇ ತಂಡದಲ್ಲಿದ್ದ ಒಬ್ಬರಿಗೂ ಇದೇ ಪಾಡು ಆಗಿತ್ತಂತೆ, ಅವರು ಎಲ್ಲೂ ಬರೆದಿಟ್ಟಿರಲಿಲ್ಲ. ನಾವೂ ಬರೆದಿಡದೆ ಬಿಟ್ಟಿದ್ದರೆ ನಮ್ಮ ನಂತರದವರಿಗೂ ಮೂರು ರಾತ್ರಿ ಹೋಗುತ್ತಿತ್ತು. ಕೊನೆಗೆ ಅಲ್ಲಿ ಒಂದು ಪುಟ ಬರೆದಿಟ್ಟು ಬಂದೆ, ಇಂಗ್ಲಿಷಿನಲ್ಲಿ. ಅದರ ಕನ್ನಡದ ಪಾಲು ಬಾಕಿ ಇತ್ತು, ಇವತ್ತು ತೀರಿತು.

ನಿಮ್ಮಲ್ಲಿ ಇದೇ ಕೆಲಸದವರು ಸುಮಾರು ಜನ ಇದ್ದೀರಿ ಅಂತ ಗೊತ್ತು. ಆರ್ಮ್ ಕಡೆಯ ಅನುಭವ ನನಗೆ ಕಡಿಮೆ, ಬಲ್ಲವರು ಬರೆದರೆ ನಾನು ಮೊದಲ ಓದುಗ.