ಜೀವಕೋಶವು ಏಕೆ ಚಿಕ್ಕದು?

ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ ದಟ್ಟವಾದ ಕಾಡಿನ ಸೀಮೆ. ಅಲ್ಲಿಯ ಕುಣಬಿ ಜನರು ತಲೆಮಾರುಗಳಿಂದ ಬಗೆಬಗೆಯ ಗೆಡ್ಡೆಗೆಣಸುಗಳನ್ನು ಬೆಳೆಯುತ್ತ ಬಂದಿದ್ದಾರೆ. ಅವುಗಳಲ್ಲಿ ಅಂಗೈಯೊಳಗೆ ಅಡಗುವ ಕೆಸುವಿನ ಗೆಡ್ಡೆಯೂ ಉಂಟು. ಎರಡು ಕೈಗಳಿಂದ ಎತ್ತಬೇಕಾದ ಹೆಗ್ಗೆಣಸೂ ಉಂಟು. ಇವೆರಡರಿಂದಲೂ ತೆಳುವಾದ ಬಿಲ್ಲೆಗಳನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಹೆಗ್ಗೆಣಸಿನ ಜೀವಕೋಶಗಳು ಅದರ ಗಾತ್ರಕ್ಕೆ ತಕ್ಕಂತೆ ಹಿರಿದಾಗಿಲ್ಲ. ದೊಡ್ಡ ಗೆಡ್ಡೆಯಲ್ಲಿ ಕೋಶಗಳ ಸಂಖ್ಯೆ ಹೆಚ್ಚು, ಅಷ್ಟೆ. ಆನೆಗೂ ಇಲಿಗೂ ಇರುವ ಅಂತರವೂ ಬಹುಮಟ್ಟಿಗೆ ಇಂತಹುದೇ. ಜೀವವು ಹಿರಿದಾಗಬೇಕಾದರೆ ಕೋಶವನ್ನು ಹಿಗ್ಗಿಸದೆ ಅದನ್ನು ಇಬ್ಭಾಗಿಸಿ ಹೆಚ್ಚಿಸುವುದೇಕೆ? ಈ ಪ್ರಶ್ನೆಯ ಚರಿತ್ರೆಯನ್ನು ನಾವು ಇಲ್ಲಿ ನೋಡೋಣ.

ಕೋಶವನ್ನು ಮೊದಲು ಹೆಸರಿಸಿದವನು ಇಂಗ್ಲೆಂಡಿನ ರಾಬರ್ಟ್ ಹುಕ್. ಸೀಸೆಯ ಬಿರಡೆಗೆ ಬಳಸುವ ಬೆಂಡಿನ ತೆಳುಪದರದಲ್ಲಿ ಸಣ್ಣ ಸಣ್ಣ ಕೋಣೆಗಳನ್ನು ಕಂಡು 1665ರಲ್ಲಿ ಅವನು ಅವುಗಳ ಚಿತ್ರವನ್ನು ಪ್ರಕಟಿಸಿದನು. ಆದರೆ ಅವು ಏಕೆ ಸಣ್ಣವು ಎಂಬುದಕ್ಕೆ ಬೇಕಾದ ಗಣಿತವು ಅದಕ್ಕೂ ಮೊದಲೇ ಸಿದ್ಧವಾಗಿತ್ತು. ವಸ್ತುವಿನ ಅಳತೆ ಬೆಳೆದಂತೆ ಅದರ ಮೇಲ್ಮೈಗಿಂತ ಘನಫಲವು ಬೇಗ ಬೆಳೆಯುವುದೆಂಬುದನ್ನು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ವಿವರಿಸಿದ್ದನು. ಹರ್ಬರ್ಟ್ ಸ್ಪೆನ್ಸರನು 1864ರಲ್ಲಿ ಇದೇ ಲೆಕ್ಕವನ್ನು ಜೀವಿಗಳ ಬೆಳವಣಿಗೆಗೆ ಅನ್ವಯಿಸಿದನು.

ಲೆಕ್ಕವು ಸುಲಭವಾದುದು. ಗೆಣಸಿನಿಂದ ಎಲ್ಲ ಕಡೆಗೂ 1 ಸೆಂಟಿಮೀಟರಿನ ಒಂದು ಚೌಕ ತುಂಡನ್ನು ಕೊಯ್ದರೆ ಅದರ ಘನಫಲ 1, ಮೇಲ್ಮೈ 6. ತುಂಡು 4 ಸೆಂಟಿಮೀಟರಿನದಾದರೆ ಘನಫಲ 64, ಮೇಲ್ಮೈ ಕೇವಲ 96. ಮೊದಲನೆಯದರಲ್ಲಿ ಒಂದು ಪಾಲು ತಿರುಳಿಗೆ ಆರು ಪಾಲು ಬಾಗಿಲಿದ್ದರೆ, ಎರಡನೆಯದರಲ್ಲಿ ಒಂದೂವರೆ ಪಾಲು ಮಾತ್ರ. ಬಿಳಿಯ ತಿರುಳಿನ ಇಂತಹ ಎರಡು ತುಂಡುಗಳನ್ನು ಅಯೊಡಿನ್ ದ್ರವದಲ್ಲಿ ಒಂದೇ ಹೊತ್ತು ಅದ್ದಿಟ್ಟು ಅಡ್ಡಲಾಗಿ ಕೊಯ್ದು ನೋಡಬಹುದು. ಪಿಷ್ಟವು ನೀಲಿಗಪ್ಪಾಗಿರುವ ಆಳ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ. ಆದರೆ ದೊಡ್ಡ ತುಂಡಿನ ನಡುವೆ ಬಣ್ಣ ಮುಟ್ಟದ ಬಿಳಿಯ ಭಾಗವು ಬಹಳ ಹೆಚ್ಚಾಗಿ ಉಳಿದಿರುತ್ತದೆ.

ಬಣ್ಣವು ಹೀಗೆ ತಾನಾಗಿಯೇ ಹರಡುವುದಕ್ಕೆ ವಿಸರಣೆ ಎಂದು ಹೆಸರು. ಅದರ ನಿಯಮವನ್ನು 1855ರಲ್ಲಿ ಗಣಿತರೂಪದಲ್ಲಿ ಬರೆದವನು ಅಡಾಲ್ಫ್ ಫಿಕ್ ಎಂಬ ಶರೀರಶಾಸ್ತ್ರಜ್ಞ. ಅಣುಗಳ ಗೊತ್ತುಗುರಿಯಿಲ್ಲದ ಅಲೆದಾಟದಿಂದ ಅದು ಹೇಗೆ ಉಂಟಾಗುತ್ತದೆಂಬುದನ್ನು 1905ರಲ್ಲಿ ಐನ್‌ಸ್ಟೈನನು ತೋರಿಸಿದನು. ದೂರವು ಹತ್ತು ಪಟ್ಟಾದರೆ ಕಾಲವು ನೂರು ಪಟ್ಟಾಗುತ್ತದೆ. ಸಣ್ಣ ಅಣುವೊಂದು ನೀರಿನಲ್ಲಿ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಕ್ರಮಿಸಲು ಸೆಕೆಂಡಿನ ಅತ್ಯಲ್ಪ ಭಾಗ ಸಾಕು. ಒಂದು ಮಿಲಿಮೀಟರಿಗೆ ಸುಮಾರು 8 ನಿಮಿಷ ಬೇಕು. ಒಂದು ಸೆಂಟಿಮೀಟರಿಗೆ ಸುಮಾರು 14 ಗಂಟೆ. ಆಹಾರವೂ ಆಮ್ಲಜನಕವೂ ಇಷ್ಟು ತಡವಾಗಿ ಬಂದರೆ ಜೀವ ಉಳಿಯುವುದೆಂತು?

ಹಾಗಾದರೆ ದೊಡ್ಡ ಕೋಶಗಳು ಇಲ್ಲವೇ ಇಲ್ಲವೆಂದು ಹೇಳಬಹುದೆ? ಹೇಳಲಾಗದು. ಕೊಳಗಳಲ್ಲಿ ಬೆಳೆಯುವ ಕಾರಾ ಎಂಬ ಪಾಚಿಯ ಒಂದೊಂದು ಕೋಶವು ಹಲವು ಸೆಂಟಿಮೀಟರು ಉದ್ದವಿರಬಲ್ಲುದು. ಅದರೊಳಗಿನ ರಸವು ಎಡೆಬಿಡದೆ ಸುತ್ತುತ್ತಿರುವುದನ್ನು ಇಟಲಿಯ ಕೊರ್ತಿಯು 1774ರಲ್ಲಿಯೇ ವರ್ಣಿಸಿದ್ದನು. ಕಾಳಿ ನದಿಯ ಅಳಿವೆಯಲ್ಲಿರುವಂತಹ ಕಾಂಡ್ಲಾ ಕಾಡುಗಳು ಕೆರಿಬಿಯನ್ ಸಮುದ್ರದ ದ್ವೀಪಗಳಲ್ಲಿಯೂ ಉಂಟು. ಅಲ್ಲಿ ದೊರೆತು 2022ರಲ್ಲಿ ವರ್ಣಿತವಾದ ಒಂದು ಬ್ಯಾಕ್ಟೀರಿಯವು ಒಂಟಿ ಕೋಶವಾಗಿಯೂ ಸುಮಾರು ಒಂದು ಸೆಂಟಿಮೀಟರು ಉದ್ದವಾಗಿದೆ. ಆದರೆ ಅದು ನೂಲಿನಂತೆ ಸಪೂರ. ಒಡಲಿನ ಬಹುಭಾಗವು ದ್ರವ ತುಂಬಿದ ಚೀಲ. ಜೀವರಸವು ಅಂಚಿಗೆ ಒತ್ತಿದ ತೆಳುಪದರ. ಆದುದರಿಂದ ಕೋಶವು ಚಿಕ್ಕದಾಗಿರಲೇಬೇಕೆಂಬುದಕ್ಕಿಂತ, ಅದರ ಯಾವ ಭಾಗವೂ ಹೊರಮೈಯಿಂದ ಬಹುದೂರವಿರಬಾರದು, ಇದ್ದರೆ ಸಾಗಣೆಗೆ ಬೇರೆ ಏರ್ಪಾಡು ಬೇಕು ಎಂಬುದೇ ನಿಜವಾದ ನಿಯಮ. ಕೋಶಕೇಂದ್ರವೊಂದು ಎಷ್ಟು ಜೀವರಸವನ್ನು ಆಳಬಲ್ಲುದೆಂಬ ಬೇರೊಂದು ಮಿತಿಯೂ ಇದರ ಜೊತೆಗಿದೆ.

ಗೆಡ್ಡೆಯು ಈ ನಿಯಮದಿಂದ ಹೊರತಲ್ಲ. ಅಗೆದು ತೆಗೆದ ಮೇಲೂ ಅದು ಉಸಿರಾಡುತ್ತದೆ. ಸಿಪ್ಪೆಯ ರಂಧ್ರಗಳಿಂದ ಒಳಹೊಕ್ಕ ಗಾಳಿಯು ಕೋಶಗಳ ನಡುವಿನ ಸಂದುಗಳಲ್ಲಿ ಹರಡುತ್ತದೆ. ನೀರಿನಲ್ಲಿ ಹರಡುವುದಕ್ಕಿಂತ ಗಾಳಿಯಲ್ಲಿ ಆಮ್ಲಜನಕವು ಸುಮಾರು ಹತ್ತು ಸಾವಿರ ಪಟ್ಟು ಬೇಗ ಹರಡಬಲ್ಲುದು. ಈ ದಾರಿ ಸಾಲದಾದರೆ ಆಗುವ ಕೇಡನ್ನು ಆಲೂಗೆಡ್ಡೆಯಲ್ಲಿ ಕಾಣಬಹುದು. ಸೆಕೆಯಾದ, ಗಾಳಿಯಾಡದ ಕೋಣೆಯಲ್ಲಿ ಅದನ್ನು ರಾಶಿ ಹಾಕಿದರೆ ಬಿಸಿಯಿಂದ ಅದರ ಉಸಿರಾಟವು ಹೆಚ್ಚುತ್ತದೆ. ನಡುವಿನ ಕೋಶಗಳಿಗೆ ಆಮ್ಲಜನಕವು ಸಾಲದೆ ಅವು ಸಾಯುತ್ತವೆ. ಹೊರಗೆ ಗುರುತು ಕಾಣದಿದ್ದರೂ ಕೊಯ್ದಾಗ ನಡುವು ಕಪ್ಪಾಗಿರುತ್ತದೆ. ಬೆಳೆದವನ ವರ್ಷದ ದುಡಿಮೆ ಹೀಗೆ ಕಣ್ಣಿಗೆ ಕಾಣದೆ ಹಾಳಾಗುವುದುಂಟು. ಗೆಡ್ಡೆಗಳನ್ನು ತಂಪಾದ, ಗಾಳಿಯಾಡುವ ಎಡೆಯಲ್ಲಿ ಹರಡಿಡಬೇಕೆಂಬ ಮನೆಯ ಹಿರಿಯರ ಮಾತನ್ನು ನಾವು ಬರಿಯ ವಾಡಿಕೆಯೆಂದು ತಿಳಿಯಬಾರದು. ಫಿಕ್ ಬರೆದ ಸಮೀಕರಣವೂ ಆ ಮಾತೂ ಹೇಳುವುದು ಒಂದೇ ಸಂಗತಿಯನ್ನು.